ಲೋಬಾನ ಕುಡಿದ ಪೇಟಿ

ಭೂಮಿಕಾ ಪೇಟಿ ತುಳಿದಳು. ಪೇಟಿ ಕುಂಯ್ ಎಂದಿತು.

ತಾಲೀಮಿಗೆ ಬಂದಿದ್ದ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು. ಅವಳು ಇನ್ನೊಂದು ಸ್ವರ ಒತ್ತಿದಳು. ಅದೂ ಹಾಗೇ. ತಗಡಿನ ಡಬ್ಬಿಯೊಳಗೆ ಜೀರುಂಡೆ ಸಿಕ್ಕಿಕೊಂಡಂಥ ಸದ್ದು. ನಮ್ಮ ತಂಬ್ರಹಳ್ಳಿ ನಾಟಕ ಸಂಘದ ಕಾಲುಪೇಟಿ ಹೀಗೆ ಕೂಗಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ.

ಕಾಲುಪೇಟಿ ಅಂದರೆ ಕುರ್ಚಿಯ ಮೇಲೆ ಕೂತು, ಕಾಲಿನಿಂದ ತಿದಿ ತುಳಿದು, ಎರಡೂ ಕೈಯಿಂದ ನುಡಿಸುವ ದೊಡ್ಡ ಹಾರ್ಮೋನಿಯಂ. ನಮ್ಮದು ಅಂತಿಂಥ ಪೇಟಿಯಲ್ಲ. ಹಿಂದೆ ಹರಪನಹಳ್ಳಿಯಲ್ಲಿ ಕ್ಯಾಂಪ್ ಹಾಕಿದ್ದ ನಾಟಕ ಕಂಪನಿಯೊಂದು ಗಂಟುಮೂಟೆ ಕಟ್ಟುವಾಗ ನಮ್ಮ ಹಿರಿಯರು ಕೊಂಡು ಎತ್ತಿನ ಗಾಡಿಯಲ್ಲಿ ತಂದದ್ದು. ಒಳಗಿರುವುದು ಜರ್ಮನ್ ರೀಡು. ರೀಡು ಅಂದರೆ ಗಾಳಿಗೆ ನಡುಗಿ ಸ್ವರ ಕೊಡುವ ಹಿತ್ತಾಳೆಯ ನಾಲಿಗೆ. ಅಂಥ ರೀಡು ಈಗ ಹುಡುಕಿದರೂ ಸಿಗುವುದಿಲ್ಲ.

"ಇದು ನಮ್ಮ ಪೇಟಿ ದನಿ ಅಲ್ಲ," ಎಂದರು ಅಜ್ಜಯ್ಯ ಮಾಸ್ತರು. ಹೋದ ವರ್ಷದವರೆಗೂ ಆ ಕುರ್ಚಿ ಅವರದಾಗಿತ್ತು. "ಹೊಟ್ಟಿ ಬಿಚ್ರಿ."

ಬಿಚ್ಚಿದೆವು. ಕಂದು ಬಣ್ಣದ ಹಳೆಯ ರೀಡುಗಳು ಇರಬೇಕಾದ ಜಾಗದಲ್ಲಿ ಹಳದಿ ಹೊಸ ರೀಡುಗಳು ಸಾಲಾಗಿ ಕೂತು ಹಲ್ಲು ಕಿರಿಯುತ್ತಿದ್ದವು.

ಸಂಘದ ಅಧ್ಯಕ್ಷ ಓಬಳೇಶಪ್ಪ ಭೂಮಿಕಾಳ ಕಡೆ ತಿರುಗಿದ. ಅವನದು ಕಿರಾಣಿ ಅಂಗಡಿ, ಮಾತು ಮಾತ್ರ ಕಲೆಕ್ಟರದು.

"ಶ್ರುತಿ ಮಾಡಿಸ್ಕಂಡು ಬರ್ತೀನಿ ಅಂತ ಕೊಟ್ಟೂರಿಗೆ ಒಯ್ದಾಕಿ ನೀನು. ಎಲ್ಲಿ ಅದಾವ ರೀಡು?"

"ಇದರಾಗೇ ಇದ್ದವ್ರಿ," ಎಂದಳು ಭೂಮಿಕಾ. "ಅಲ್ಲೇ ನುಡಿಸಿ ನೋಡಿ ತಂದೀನಿ."

"ಹೌದು," ಎಂದೆ ನಾನು. "ನನ್ನ ಟಂಟಂ ಆಟೋದಾಗೇ ಒಯ್ದಿದ್ದು, ನಾನೇ ಕೇಳೀನಿ. ಗಂಟಿ ಬಾರಿಸಿದಂಗಿತ್ತು ದನಿ."

"ಬೀರಲಿಂಗೇಶ್, ನೀ ಸುಮ್ನಿರು. ನೀನು ಆಕಿ ಸೋದರಮಾವ. ಓತಿಕ್ಯಾತಕ್ಕ ಬೇಲಿ ಗೂಟ ಸಾಕ್ಷಿ."

ನಾಳೆ ಹಡಗಲಿಯಲ್ಲಿ ನಾಟಕ ಸ್ಪರ್ಧೆ. ಹೊಳಲಿನ ತಂಡ ಮೀಸೆ ತಿರುವಿಕೊಂಡು ಕಾದು ಕೂತಿದೆ. ಈ ಭಾಗದಲ್ಲಿ ಕಾಲುಪೇಟಿಯ ಕುರ್ಚಿ ಏರಿದ ಹೆಣ್ಣುಮಗಳನ್ನು ನಾನು ಬೇರೆ ಕಂಡಿಲ್ಲ. ನನ್ನ ಅಕ್ಕನ ಮಗಳು ಏರಿದ್ದಳು. ಏರಿದ್ದಕ್ಕೇ ಊರಲ್ಲಿ ಕೆಲವರ ಹೊಟ್ಟೆಗೆ ಮೆಣಸಿನಕಾಯಿ ಬಿದ್ದಿತ್ತು. ಈಗ ಕಳ್ಳಿ ಎಂಬ ಹೆಸರೂ ಸೇರಿದರೆ ಆ ಹುಡುಗಿ ಮತ್ತೆ ಪೇಟಿ ಮುಟ್ಟುವುದುಂಟೆ?

"ಹುಡುಗಿ ಮ್ಯಾಲೆ ಯಾಕ ಬೀಳ್ತೀರಿ?" ಎಂದ ಗುರುಬಸವರಾಜ. ಅವನು ಊರಲ್ಲಿ ಸೌಂಡ್ ಸಿಸ್ಟಮ್ ಅಂಗಡಿ ಇಟ್ಟವನು, ಕೀಬೋರ್ಡೂ ನುಡಿಸುತ್ತಾನೆ. "ಮೋಸ ಮಾಡಿದ್ರ ಕೊಟ್ಟೂರಿನವ ಮಾಡಿರಬೇಕು. ಇರ್ಲಿ, ನನ್ನ ಕೀಬೋರ್ಡ್ ಐತಲ್ಲ. ನಾಳಿ ನಾನೇ ಕುಂದ್ರತೀನಿ."

ಓಬಳೇಶಪ್ಪ ತೀರ್ಪು ಕೊಟ್ಟ. ಹೊತ್ತು ಮುಳುಗುವುದರೊಳಗೆ ರೀಡು ಬರಬೇಕು. ಬರದಿದ್ದರೆ ಭೂಮಿಕಾಳ ಹೆಸರಲ್ಲಿ ಸ್ಟೇಷನ್ನಿಗೆ ಕಂಪ್ಲೇಂಟು. ಹಡಗಲಿಯಲ್ಲಿ ಕುರ್ಚಿ ಗುರುಬಸವರಾಜನಿಗೆ.

"ಮಾವ, ನಾನು ಮಾಡಿಲ್ಲ," ಎಂದಳು ಭೂಮಿಕಾ ನನ್ನ ಕಿವಿಯಲ್ಲಿ.

ಅಷ್ಟರಲ್ಲಿ ಬಾಗಿಲಲ್ಲಿ ಒಂದು ಮೇಕಪ್ ಬ್ಯಾಗು, ಅದರ ಹಿಂದೆ ರೇಣುಕಕ್ಕ. ಕೂಡ್ಲಿಗಿಯವಳು. ನಮ್ಮ ಸುತ್ತಿನ ಊರುಗಳ ನಾಟಕಗಳಲ್ಲಿ ನಾಯಕಿಯ ಪಾತ್ರಕ್ಕೆ ಅವಳೇ ಬೇಕು. ಈಗಷ್ಟೇ ಬಸ್ಸಿಳಿದಿದ್ದಳು. ಒಳಗೆ ಕಾಲಿಟ್ಟವಳು ನಮಸ್ಕಾರವನ್ನೂ ಹೇಳಲಿಲ್ಲ. ಮೂಗರಳಿಸಿ ಮೂಸಿದಳು.

"ಯಾರ್ರೀ ಇಲ್ಲಿ ಲೋಬಾನ ಹಚ್ಚಿದವ್ರು?"



*

ನಾನು ನಾಟಕದಲ್ಲಿ ಇನ್‌ಸ್ಪೆಕ್ಟರ್. ಯಾವ ನಾಟಕವಾದರೂ ಪೊಲೀಸ್ ಪಾತ್ರ ನನ್ನದೇ. ಹಾಗಾಗಿ ತನಿಖೆಯ ಅನುಭವ ನನಗೆ ಇದ್ದೇ ಇತ್ತು. ಟ್ರಂಕಿನಿಂದ ಟೋಪಿ ತೆಗೆದು ತಲೆಗಿಟ್ಟೆ, ಲಾಠಿ ಕಂಕುಳಲ್ಲಿ ಇರುಕಿಕೊಂಡೆ.

"ಟೋಪಿ ತಗಿ," ಎಂದಳು ರೇಣುಕಕ್ಕ. "ಮೊದಲ ಲೋಬಾನದ ಕಥಿ ಹೇಳು."

ಹೇಳಿದೆ. ನಮ್ಮಲ್ಲಿ ಪೇಟಿಗೆ ಲೋಬಾನ ಕುಡಿಸುವ ಪದ್ಧತಿ ಇದೆ. ನಾಟಕದ ಮುಂಚೆ ತಿದಿಯ ಕೆಳಗೆ ಧೂಪ ಇಟ್ಟು ತುಳಿಯುತ್ತಾರೆ. ಪೇಟಿ ಹೊಗೆ ಎಳೆದುಕೊಂಡು ಸಂದುಗೊಂದುಗಳಿಂದ ಬಿಡುತ್ತದೆ. ಚಿಕ್ಕವರಿದ್ದಾಗ ನಮಗೆ ಅದನ್ನು ನೋಡುವುದೇ ಹಬ್ಬ. ಈ ಸಲ ಭೂಮಿಕಾ ಬೇಡ ಅಂದಳು. ಹೊಗೆಯ ಜಿಡ್ಡು ರೀಡಿಗೆ ಅಂಟಿ ಶ್ರುತಿ ಕೆಡುತ್ತದೆಂದು ಕೊಟ್ಟೂರಿನ ರಿಪೇರಿಯವನು ಹೇಳಿದ್ದನಂತೆ. ಮೀಟಿಂಗಿನಲ್ಲಿ ದೊಡ್ಡ ಗಲಾಟೆಯಾಯಿತು.

"ಯಾರು ಏನೇನಂದ್ರು?"

"ಅಜ್ಜಯ್ಯ ಮಾಸ್ತರು ಕಿಡಿಕಿಡಿ ಆದ್ರು. ಲೋಬಾನ ಕುಡಿಸದ ಪೇಟಿ ಹೊಟ್ಟಿ ಬಿಚ್ಚಿದವನ ಬೆರಳು ಸೆಟೆದು ಹೋಗತಾವ ಅಂದ್ರು. ಗುರುಬಸವರಾಜ ಬಿದ್ದು ಬಿದ್ದು ನಕ್ಕ. ಯಾವ ಕಾಲದಾಗ ಅದೀರಿ ಮಾಸ್ತರ, ಹೊಗಿ ಹಾಕಿದ್ರ ಸೊಳ್ಳಿ ಹೋಗತಾವ ಅಷ್ಟೇ ಅಂದ. ಕೊನೀಗೆ ಭೂಮಿಕಾ ಮಾತೇ ಗೆದ್ದಿತು."

"ಕೋಣಿ ಕೀಲಿ ಯಾರ್ಯಾರ ಹತ್ರ ಐತಿ?"

"ಓಬಳೇಶಪ್ಪ, ಅಜ್ಜಯ್ಯ ಮಾಸ್ತರು, ಮತ್ತ ಗುರುಬಸವರಾಜ. ಅವನ ಬಾಕ್ಸ್‌ಗಳನ್ನೂ ಇಲ್ಲೇ ಇಡ್ತಾನಲ್ಲ."

"ಪೇಟಿ ಯಾವಾಗ ಬಂತು?"

"ಮೊನ್ನಿ ಸಂಜಿ. ಎಲ್ಲಾರೂ ಸೇರಿ ಇಳಿಸಿದ್ವಿ, ಓಬಳೇಶಪ್ಪ ಬೀಗ ಹಾಕಿದ. ನಿನ್ನಿ ಊರಿಗೆ ಊರೇ ಬೊಮ್ಮನಹಳ್ಳಿಗೆ ಹೋಗಿತ್ತು, ಅವನ ಮಗಳ ಮದುವಿ. ಭೂಮಿಕಾ ದಿನಪೂರ್ತಿ ನನ್ನ ಕಣ್ಣ ಮುಂದ ಊಟಕ್ಕ ಬಡಿಸ್ತಿದ್ಲು. ಗುರುಬಸವರಾಜ ಅಲ್ಲೇ ಸೌಂಡ್ ಹಚ್ಚಿದ್ದ. ಹಚ್ಚಿದ ಹಾಡೇ ಹಚ್ಚಿ, ಹಚ್ಚಿದ ಹಾಡೇ ಹಚ್ಚಿ ಅಡಿಗಿಯವ್ರ ತಲಿ ತಿಂದ. ಬರಲಾರದಾವ ಒಬ್ಬನೇ, ಅಜ್ಜಯ್ಯ. ಮೊಣಕಾಲು ನೋವು ಅಂತ!"

ಹೇಳಿ ಲಾಠಿಯನ್ನು ಅಂಗೈಗೆ ಬಡಿದುಕೊಂಡೆ. ಕುರ್ಚಿ ಕಳೆದುಕೊಂಡವನು, ಊರು ಖಾಲಿಯಿದ್ದ ದಿನ ಒಬ್ಬನೇ ಉಳಿದವನು, ಲೋಬಾನಕ್ಕೆ ಜಗಳ ಕಾದವನು. ಇನ್ನೇನು ಬೇಕು? ಮೂರನೇ ಅಂಕದಲ್ಲಿ ಬೇಡಿ ಹಾಕುವುದೊಂದೇ ಬಾಕಿ.

ರೇಣುಕಕ್ಕ ನನ್ನ ಮಾತು ಕೇಳುತ್ತಲೇ ಇರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಪೇಟಿಯ ಕೆಳಗೆ ತೂರಿದ್ದಳು. ಹೊರಬಂದಾಗ ಕೈಯಲ್ಲಿ ಚಿಟಿಕೆ ಬೂದಿ ಇತ್ತು. ಒಂದು ಕಡೆ ಬಿಲ್ಲೆಯಂತೆ ದುಂಡಗೆ ಉಳಿದ ಬೂದಿ. ಪುಡಿಯಾಗದಂತೆ ಅದನ್ನು ಹಾಳೆಯಲ್ಲಿ ಸುತ್ತಿದಳು. ಹೊಸ ರೀಡು ಒಂದನ್ನು ಬಿಚ್ಚಿಸಿಕೊಂಡಳು.

"ನಡಿ, ಟಂಟಂ ತಗಿ. ಕೊಟ್ಟೂರಿಗೆ ಹೋಗೂನು."

*

ಪಾಲಾಕ್ಷನ ಅಂಗಡಿ ಕೊಟ್ಟೂರಿನ ಒಂದು ಓಣಿಯಲ್ಲಿದೆ. ಭಜನೆ ಸಂಘಗಳ ಪೇಟಿಗಳು ಗೋಡೆಯುದ್ದಕ್ಕೂ ಬಾಯಿ ತೆರೆದುಕೊಂಡು ಕೂತಿದ್ದವು. ನಾನು ಬಾಗಿಲಲ್ಲೇ ಗುಡುಗಿದೆ.

"ಜರ್ಮನ್ ರೀಡು ಎಲ್ಲಿ ಅದಾವ ಹೇಳಲೇ!"

"ನಿಮ್ಮ ಪೇಟಿ ಹೊಟ್ಟ್ಯಾಗ," ಎಂದ ಪಾಲಾಕ್ಷ, ತಲೆ ಎತ್ತದೆ. ರೀಡೊಂದನ್ನು ಕೆರೆಯುತ್ತಿದ್ದ. "ಕುಂದ್ರಿ. ತುದಿ ಕೆರದ್ರ ಸ್ವರ ಏರತೈತಿ, ಬುಡ ಕೆರದ್ರ ಇಳಿತೈತಿ. ನೀವು ಹಿಂಗ ಒದರಿದ್ರ ಕೈ ಜಾರತೈತಿ, ಎರಡೂ ಕೆಡತೈತಿ."

ರೇಣುಕಕ್ಕ ನಡೆದದ್ದನ್ನೆಲ್ಲ ಹೇಳಿದಳು. ಅವನ ಕೈ ನಿಂತಿತು. ಮುಖ ಬಿಳಿಚಿಕೊಂಡಿತು. ನಾನು ಕಳ್ಳನ ಲಕ್ಷಣ ಎಂದುಕೊಂಡೆ. ಅಲ್ಲ, ಅವನಿಗೆ ದುಃಖವಾಗಿತ್ತು.

"ಅಕ್ಕಾರ, ಅಂಥಾ ಪೇಟಿ ನನ್ನ ಅಂಗಡಿಗೆ ಮತ್ತ ಬರಂಗಿಲ್ಲ. ಪೇಟಿ ಆರಿಸಾಕ ಬಂದವ್ರೆಲ್ಲ ಜೋರು ಕೂಗೋದನ್ನ ಒಳ್ಳೇದು ಅಂತಾರ. ತಪ್ಪು. ಕಾಲು ಮೆಲ್ಲಕ ಇಡಬೇಕು. ಪಿಸುಮಾತಿಗೂ ಓ ಅಂದ್ರ ಅದು ಒಳ್ಳೆ ರೀಡು. ಒದ್ದಾಗ ಮಾತ್ರ ಒದರೋದು ಕತ್ತೆ. ಆ ಹುಡುಗಿಗೆ ಅದು ಗೊತ್ತೈತಿ. ಆಕಿ ಕಾಲಿಟ್ಟ ರೀತಿ ನೋಡಿ ನನಗ ಖುಷಿ ಆಗಿತ್ತು."

"ಹಳೇ ರೀಡಿಗೆ ಲೋಬಾನ ಹತ್ತಿತ್ತೇನು?"

"ಕಾಡಿಗಿ ಕಟ್ಟಿದಂಗ! ಬ್ರಷ್ ಹಾಕಿ ಹಾಕಿ ತೋಳು ಬಿದ್ದು ಹೋತು. ಜಿಡ್ಡು ಕುಂತ್ರ ನಾಲಗಿ ಭಾರ ಆಗತೈತಿ, ಸ್ವರ ಇಳೀತೈತಿ. ಜಿಡ್ಡು ತಗದೆ. ವಾಸನಿ ಮಾತ್ರ ಪೂರಾ ಹೋಗ್ಲಿಲ್ಲ."

ರೇಣುಕಕ್ಕ ಹೊಸ ರೀಡನ್ನು ಅವನ ಮುಂದಿಟ್ಟಳು. "ಇದನ್ನ ನೋಡ್ರಿ."

ಅವನು ಹೆಬ್ಬೆರಳಿನಿಂದ ಒರೆಸಿದ. ಬೆರಳಿಗೆ ತೆಳ್ಳಗೆ ಕಂದು ಹತ್ತಿತು. ಮೂಸಿದ. ಮತ್ತೆ ಮೂಸಿದ.

"ಇದ್ಯಾಕ? ರೀಡು ಹೊಸಾದು. ಹೊಗಿನೂ ಹೊಸಾದು!"

"ಹೌದಲ್ಲ?" ರೇಣುಕಕ್ಕನ ಕಣ್ಣು ಮಿಂಚಿತು. "ಅಂದ್ರ ರೀಡು ಬದಲಾದ ಮ್ಯಾಲೆ ಲೋಬಾನ ಕುಡಿಸ್ಯಾರ. ನಿಮ್ಮ ಅಂಗಡ್ಯಾಗ ಹಚ್ತೀರೇನು?"

"ನನ್ನ ಅಂಗಡ್ಯಾಗ ಯಾರರ ಊದಿನಕಡ್ಡಿ ಹಚ್ಚಿದ್ರೂ ಎಬ್ಬಿಸಿ ಹೊರಗ ಕಳಸ್ತೀನಿ. ದಿನಾ ಹೊಗಿ ಇಲ್ದ ಪೇಟಿ ಹೊಟ್ಟಿ ಬಿಚ್ತೀನಿ. ನೋಡ್ರಿ ನನ್ನ ಬೆರಳು, ಸೆಟೆದಾವೇನು?"

"ಭೂಮಿಕಾ ಸತ್ರೂ ಹಚ್ಚಂಗಿಲ್ಲ," ಎಂದಳು ರೇಣುಕಕ್ಕ. "ಲೋಬಾನ ಬ್ಯಾಡ ಅಂತ ಊರನ್ನೇ ಎದುರು ಹಾಕ್ಕೊಂಡಾಕಿ. ಅಂದಮ್ಯಾಲೆ ರೀಡು ಬದಲಾಗಿದ್ದು ಕೊಟ್ಟೂರಿನ್ಯಾಗಲ್ಲ. ತಂಬ್ರಹಳ್ಳ್ಯಾಗ, ನಿನ್ನಿ, ಊರು ಖಾಲಿ ಇದ್ದಾಗ. ಭೂಮಿಕಾ ಆಗ ಮದುವಿ ಮನ್ಯಾಗ ಸಾರು ಬಡಸ್ತಿದ್ಲು."

ನನಗೆ ಎದ್ದು ಕುಣಿಯುವಂತಾಯಿತು. ರೇಣುಕಕ್ಕ ಕೈ ಹಿಡಿದು ಕೂರಿಸಿದಳು.

"ಕುಣಿಬ್ಯಾಡ. ಕಳ್ಳ ಸಿಗೋವರೆಗೂ ಇದನ್ನ ಯಾರೂ ನಂಬಂಗಿಲ್ಲ. ಪಾಲಾಕ್ಷಣ್ಣ, ಹತಾರ ತಗೊಂಡು ನಮ್ಮ ಜೋಡಿ ಬರ್ರಿ."

"ರೀಡೇ ಇಲ್ಲ, ನಾ ಬಂದು ಏನ್ ಮಾಡ್ಲಿ?"

"ಬರ್ರಿ ಅಂದ್ರ ಬರ್ರಿ."

ದಾರಿಗೆ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡೆವು. ಅವಳು ಊರು ಬರುವವರೆಗೂ ತಿನ್ನುತ್ತಲೇ ಯೋಚಿಸಿದಳು. ನನ್ನ ಪಾಲಿನ ಮಿರ್ಚಿಯೂ ಅವಳ ಯೋಚನೆಗೇ ಹೋಯಿತು.

*

ಅಜ್ಜಯ್ಯ ಮಾಸ್ತರು ಪಡಸಾಲೆಯಲ್ಲಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ನಾನು ಮುಂದೆ ನುಗ್ಗಿದೆ.

"ಮಾಸ್ತರ, ಬಾಯಿ ಬಿಡ್ರಿ. ನಿನ್ನಿ ಪೇಟಿಗೆ ಲೋಬಾನ ಕುಡಿಸಿದ್ದು ನೀವು. ಎಲ್ಲಾ ಗೊತ್ತಾಗೈತಿ."

ಮುದುಕನ ಮೈ ನಡುಗಿತು. ಸಿಟ್ಟಿಗೆ.

"ಏನಂದೀ? ಕದ್ದು ಕುಡಿಸಿದ್ನೆ? ನಾನು? ಲೇ ಬೀರಲಿಂಗ, ನಮ್ಮ ಮನಿತನದವ್ರು ಲೋಬಾನ ಕುಡಿಸೋದು ಅಂದ್ರ ಹೆಂಗ ಅಂತ ತಿಳದೀ? ಕುಳ್ಳಿನ ಕೆಂಡ ಬೇಕು, ಮಣ್ಣಿನ ಧೂಪಾರತಿ ಬೇಕು. ಗಟ್ಟಿ ಲೋಬಾನ ಕುಟ್ಟಿ ಹಾಕಬೇಕು. ಕಾಯಿ ಒಡೀಬೇಕು, ಊರ ಮಂದಿ ನಿಂತು ನೋಡಬೇಕು. ಕಳ್ಳರ ಗತೆ ಬಾಗಿಲು ಹಾಕ್ಕೊಂಡು ಮಾಡಾಕ ಅದೇನು ಮಾಟ ಏನಲೇ?"

ರೇಣುಕಕ್ಕ ಮೆಲ್ಲಗೆ ಹಾಳೆ ಬಿಚ್ಚಿ ಬೂದಿ ತೋರಿಸಿದಳು. "ಮಾಸ್ತರ, ಇದು ಅದೇ ಬೂದಿ ಏನ್ರಿ?"

ಅವರು ಕಣ್ಣು ಕಿರಿದು ಮಾಡಿ ನೋಡಿದರು. ಥೂ ಎಂದರು.

"ಇದು ಕೆಂಡದ ಬೂದಿ ಅಲ್ಲವಾ. ಇದು ಕಪ್ ಸಾಂಬ್ರಾಣಿ. ಕಡ್ಡಿ ಗೀರಿ ಹಚ್ಚಿ ಅಂಗಡಿ ಗಲ್ಲಾಕ ಇಡ್ತಾರಲ್ಲ, ಅದು. ದುಂಡಗ ಬಿಲ್ಲಿ ಹಂಗ ಬೂದಿ ಬೀಳತೈತಿ. ಪೇಟಿಗೆ ಇದನ್ನ ಇಟ್ಟವನು ಯಾವ ಭಂಡ?"

ಹೇಳುತ್ತ ಹೇಳುತ್ತ ಅವರ ಕಣ್ಣು ತುಂಬಿತು. "ಕುರ್ಚಿ ಹೋತು ಅಂತ ನನಗ ಹೊಟ್ಟಿಕಿಚ್ಚು ಅಂತೀರಿ. ಹುಚ್ಚರಾ, ಆಕಿಗೆ ಕಲಿಸಿದವ ನಾನು. ಆ ಕುರ್ಚಿ ನಾನೇ ಕೊಟ್ಟೀನಿ. ಹೊಗಿ ವಿಷಯಕ್ಕ ಜಗಳ ಆಡಿದೆ, ಖರೇ. ಮಗಳ ಜೋಡಿ ಆಡಿದಂಗ ಆಡಿದೆ."

ನಾನು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡೆ. ನಾಚಿಕೆಯಾಯಿತು.

ಹೊರಗೆ ಬಂದ ರೇಣುಕಕ್ಕ ಒಂದು ಮಾತು ಹೇಳಿದಳು. "ಈ ಕಳ್ಳಗ ಪದ್ಧತಿ ಗೊತ್ತಿಲ್ಲ. ಆದ್ರ ಪದ್ಧತಿಗೆ ಅಂಜತಾನ. ಬೆರಳು ಸೆಟದ್ರ ಗತಿ ಏನು ಅಂತ ಅಂಜಿದಾವ. ಬೆರಳಿನ ಮ್ಯಾಲೆ ಬದುಕಾವ ಯಾರಲೇ ಬೀರಲಿಂಗ?"

ನನ್ನ ತಲೆ ಗಿರ್ರ್ ಎಂದಿತು. "ಅಕ್ಕಾ, ಅವನು ಮದುವ್ಯಾಗಿದ್ದ. ದಿನಪೂರ್ತಿ ಹಾಡು ಹಾಡತಿದ್ದವು."

"ಹಾಡು ಇದ್ದವು. ಅವನನ್ನ ನೋಡಿದ್ದೇನು?"

ನೋಡಿದ್ದೆನೇ? ಬೆಳಿಗ್ಗೆ ವೈರು ಎಳೆಯುವಾಗ ನೋಡಿದ್ದೆ. ಸಂಜೆ ವೈರು ಸುತ್ತುವಾಗ ನೋಡಿದ್ದೆ. ನಡುವೆ ನೋಡಿದ್ದು ಊಟದ ಎಲೆ ಒಂದನ್ನೇ.

*

ಹೊತ್ತು ಇಳಿಯುತ್ತಿತ್ತು. ಸಂಘದ ಕೋಣೆಯ ಮುಂದಿನ ಕಟ್ಟೆಯ ಮೇಲೆ ತಾಲೀಮು ಶುರುವಾಗಿತ್ತು. ಗುರುಬಸವರಾಜ ಕೀಬೋರ್ಡ್ ಹಿಂದೆ ಸಿಂಹಾಸನ ಏರಿದಂತೆ ಕೂತಿದ್ದ. ಅವನ ಎರಡೂ ಕಡೆ ಆಳೆತ್ತರದ ಬೇಸ್ ಬಾಕ್ಸ್. ಭೂಮಿಕಾ ಮೂಲೆಯಲ್ಲಿ, ಬಾಯಿ ಮುಚ್ಚಿದ ಪೇಟಿಯ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಳು.

ರೇಣುಕಕ್ಕ ಏನೂ ಆಗಿಲ್ಲದವಳಂತೆ ರಂಗಕ್ಕೆ ಏರಿದಳು. ಹಾಡು ಎತ್ತಿಕೊಂಡಳು. ಕೀಬೋರ್ಡಿನಿಂದ ಢೋಲಕ್ ಬಡಿತ ಧಡ್ ಧಡ್ ಎಂದು ಎದೆಗೆ ಗುದ್ದಿತು. ಹಾಡುತ್ತ ಎಡಗಡೆಯ ಬಾಕ್ಸಿನ ಹತ್ತಿರ ಸರಿದಳು. ಹಾಡಿನ ಸಾಲನ್ನು ಅರ್ಧಕ್ಕೇ ಬಿಟ್ಟು ನಿಂತಳು. ಬಾಕ್ಸಿನ ಕೆಳಗೆ ಅಂಗೈ ಹಿಡಿಯುವಷ್ಟು ಒಂದು ತೂತಿರುತ್ತದೆ, ಬೇಸ್ ಬಡಿದಾಗಲೆಲ್ಲ ಅಲ್ಲಿಂದ ಗಾಳಿ ಬುಸುಗುಡುತ್ತದೆ. ಅವಳು ಅದರ ಮುಂದೆ ಮಂಡಿಯೂರಿದಳು.

"ಇನ್ನೊಮ್ಮಿ ಬಾರಿಸಪ್ಪಾ ಗುರು. ಬೇಸ್ ಜಾಸ್ತಿ ಇಡು."

ಧಡ್! ಧಡ್! ಅವಳು ಕಣ್ಣು ಮುಚ್ಚಿ ಉಸಿರೆಳೆದಳು. ಎದ್ದಾಗ ಮುಖದ ಮೇಲೆ ನಾಯಕಿಯ ನಗು ಇರಲಿಲ್ಲ, ದೇವಿಯ ನಗು ಇತ್ತು.

"ಓಬಳೇಶಪ್ಪಾರ, ಎಲ್ಲಾರೂ ಪೇಟಿ ಮುಟ್ಟಿ ಆಣಿ ಮಾಡ್ರಿ. ಕದ್ದವನು ನಾನಲ್ಲ ಅನ್ರಿ. ನಿಮ್ಮಿಂದ್ಲೇ ಶುರು."

ಓಬಳೇಶಪ್ಪ ಗುಡುಗಿದ, ಮುಟ್ಟಿದ, ಆಣೆ ಮಾಡಿದ. ಅಜ್ಜಯ್ಯ ಮಾಸ್ತರು ಎರಡೂ ಕೈ ಇಟ್ಟು ಹಣೆ ತಾಗಿಸಿದರು. ಪಾಲಾಕ್ಷ ಮುಟ್ಟಿದ. ನಾನೂ ಮುಟ್ಟಿದೆ. ಭೂಮಿಕಾ ತಲೆ ಎತ್ತಿ, ಊರಿಗೆಲ್ಲ ಕೇಳುವಂತೆ ಹೇಳಿ ಮುಟ್ಟಿದಳು.

ಗುರುಬಸವರಾಜ ಕದಲಲಿಲ್ಲ. "ನಾನು ಇಂಥಾ ಮೂಢನಂಬಿಕಿ ಒಪ್ಪಂಗಿಲ್ಲ. ನಿಮಗೆಲ್ಲಾ ಗೊತ್ತೈತಲ್ಲ."

"ಹೌದು ಹೌದು, ಅವನು ಮೊದ್ಲಿಂದ ಹಂಗೇ," ಎಂದರು ಜನ.

"ನಂಬದವನಿಗೆ ಪೇಟಿ ಅಂದ್ರ ಬರೀ ಕಟಿಗಿ," ಎಂದಳು ರೇಣುಕಕ್ಕ. "ಕಟಿಗಿ ಮುಟ್ಟಿ ನಾಕು ಮಾತು ಹೇಳಾಕ ಏನು ಕಷ್ಟ ತಮ್ಮಾ? ಉಗುಳು ನುಂಗಿದಷ್ಟು ಸಲೀಸು. ನಂಬಾವನಿಗೆ ಅಷ್ಟೇ ಅದು ಕೆಂಡ. ಬಾ, ಮುಟ್ಟು."

ಅವನು ಎದ್ದ. ನಗಲು ನೋಡಿದ. ಕೈ ಚಾಚಿದ. ಬೆರಳುಗಳು ಪೇಟಿಯ ಮೇಲೆ ಗಾಳಿಯಲ್ಲೇ ನಿಂತವು. ಊರೆಲ್ಲ ನೋಡುತ್ತಿದೆ, ಅವನ ಕೈ ಕೆಳಗಿಳಿಯಲೊಲ್ಲದು. ಹಣೆಯಿಂದ ಬೆವರು ಹನಿಯಿತು.

"ಪಾಲಾಕ್ಷಣ್ಣ, ಆ ಎಡಗಡಿ ಬಾಕ್ಸ್ ಬಿಚ್ರಿ."

"ಏಯ್! ಮುಟ್ಟಬ್ಯಾಡ್ರಿ!" ಗುರುಬಸವರಾಜ ಕಿರುಚಿದ. "ವಾರಂಟಿ ಹೋಗತೈತಿ!"

ನಾನು ಅವನ ಮುಂದೆ ಅಡ್ಡ ನಿಂತೆ. ಜೀವಮಾನದಲ್ಲಿ ಮೊದಲ ಸಲ ನನ್ನ ಲಾಠಿಗೆ ನಿಜವಾದ ಕೆಲಸ ಸಿಕ್ಕಿತು.

ಹಿಂಬದಿಯ ಹಲಗೆ ಕಳಚಿತು. ಒಳಗೆ ಅರಿಶಿನ ಕುಂಕುಮ ಹಚ್ಚಿದ ಟವೆಲಿನ ಗಂಟು. ಬಿಚ್ಚಿದರೆ ಕಂದು ಬಣ್ಣದ ಹಿತ್ತಾಳೆಯ ನಾಲಿಗೆಗಳು, ಒಂದರ ಮೇಲೊಂದು. ಲೋಬಾನದ ವಾಸನೆ ಕಟ್ಟೆಯ ತುಂಬ ಹರಡಿತು.

ಭೂಮಿಕಾ ಓಡಿಬಂದು ಒಂದು ರೀಡು ಎತ್ತಿ ತುಟಿಗಿಟ್ಟು ಊದಿದಳು. ಅದೇ ದನಿ! ಅಜ್ಜಯ್ಯ ಮಾಸ್ತರು ಹುಡುಗರಂತೆ ಸಿಳ್ಳೆ ಹೊಡೆದರು. ಓಬಳೇಶಪ್ಪ ಬಾಕ್ಸನ್ನೊಮ್ಮೆ, ರೇಣುಕಕ್ಕನನ್ನೊಮ್ಮೆ ತಿರುತಿರುಗಿ ನೋಡಿದ.

"ಹೆಂಗ ಗೊತ್ತಾತು ನಿಮಗ?" ಎಂದ ಕೊನೆಗೆ.

ರೇಣುಕಕ್ಕ ಪೇಟಿಯ ಕುರ್ಚಿಗೆ ಒರಗಿ ನಿಂತು ಬಿಡಿಸಿ ಹೇಳಿದಳು.

"ಹೊಸ ರೀಡಿಗೆ ಹೊಸ ಹೊಗಿ ಯಾಕ ಅಂತ ಕೇಳ್ಕೊಂಡೆ. ಕದ್ದವ ಲೋಬಾನನೂ ಕುಡಿಸ್ಯಾನ. ಭೂಮಿಕಾ, ಪಾಲಾಕ್ಷಣ್ಣ ಹೊಗಿ ಕಂಡ್ರ ಉರೀತಾರ, ಅವ್ರಲ್ಲ. ಮಾಸ್ತರು ಕುಡಿಸಿದ್ರ ಕೆಂಡದ ಬೂದಿ ಇರ್ತಿತ್ತು, ಇದ್ದದ್ದು ಕಪ್ ಸಾಂಬ್ರಾಣಿದು. ಮತ್ತ ಅವ್ರು ಕದ್ದು ಮಾಡೋರಲ್ಲ. ಓಬಳೇಶಪ್ಪಾರ ಅಂಗಡ್ಯಾಗ ಅಂಥಾ ಕಪ್ ಅದಾವ, ಆದ್ರ ಮಗಳ ಧಾರೆ ಎರ್ಯಾಕ ನಿಂತಾವ ಮಂಟಪ ಬಿಟ್ಟು ಬರಾಕಾಗತೈತೇನು? ಉಳಿದ ಕೀಲಿ ಒಂದೇ. ಹಾಡು ಕೇಳತಿದ್ದವು, ಅದಕ್ಕ ಇವನು ಅಲ್ಲೇ ಅದಾನ ಅಂದ್ಕೊಂಡ್ರಿ. ಪೆನ್‌ಡ್ರೈವ್‌ಗೆ ಆಳು ಬೇಕೇನು? ಮನಿಷ್ಯಾ ಕುಂತಿದ್ರ ಹಾಡು ಬದಲಿಸ್ತಿದ್ದ. ಹಚ್ಚಿದ ಹಾಡೇ ಹಚ್ಚಿತ್ತು ಅಂತ ಬೀರಲಿಂಗ ಹೇಳಿದಾಗ್ಲೇ ನನಗ ಅನುಮಾನ ಬಂತು."

ಎಲ್ಲರೂ ನನ್ನತ್ತ ನೋಡಿದರು. ನಾನು ಟೋಪಿ ಸರಿ ಮಾಡಿಕೊಂಡೆ.

"ಬೇಸ್ ಬಾಕ್ಸ್ ಉಸಿರು ಬಿಟ್ಟಾಗ ಲೋಬಾನ ಮೂಗಿಗೆ ಬಡೀತು. ಇನ್ನೇನು ಬೇಕ್ರಿ?"

ಗುರುಬಸವರಾಜ ಕಟ್ಟೆಯ ಮೇಲೆ ಕುಸಿದ. ಹೊಸ ರೀಡು ಪಾರ್ಸಲ್ ತರಿಸಿದ್ದನಂತೆ. ಪೇಟಿ ಕೊಟ್ಟೂರಿಗೆ ಹೋಗಿ ಬಂದರೆ ಅಪವಾದ ಹುಡುಗಿಯ ತಲೆಗೆ ಬೀಳುತ್ತದೆಂದು ಕಾದಿದ್ದನಂತೆ. ಹೊಟ್ಟೆ ಬಿಚ್ಚಿದ ಮೇಲೆ ಮಾಸ್ತರ ಮಾತು ನೆನಪಾಯಿತು, ಬೆರಳು ಜುಮ್ಮೆಂದವು. ತನ್ನ ಅಂಗಡಿಯ ಕಪ್ ಸಾಂಬ್ರಾಣಿ ತಂದು ಪೇಟಿಗೂ ಕುಡಿಸಿದ, ಗಂಟಿಗೂ ತೋರಿಸಿದ. ಹಡಗಲಿಯಿಂದ ಆ ಬಾಕ್ಸ್ ಸೀದಾ ಹುಬ್ಬಳ್ಳಿಗೆ ಹೋಗುವುದಿತ್ತು. ಅಲ್ಲಿ ತನಗೊಂದು ಹೊಸ ಪೇಟಿ ಮಾಡಿಸಿ ಈ ರೀಡು ಕೂರಿಸುವ ಆಸೆ.

"ಕೀಬೋರ್ಡಿನ್ಯಾಗ ಎಷ್ಟು ಗುಂಡಿ ಒತ್ತಿದ್ರೂ ಆ ದನಿ ಬರ್ಲಿಲ್ಲ," ಎಂದ, ನೆಲ ನೋಡುತ್ತ. "ಆ ದನಿ ನನಗ ಬೇಕಿತ್ತು."

"ಬೇಕಿದ್ರ ಕಲೀಬೇಕಿತ್ತು," ಎಂದಳು ಭೂಮಿಕಾ. "ಮಾಸ್ತರು ಯಾರಿಗೂ ಇಲ್ಲ ಅಂದಿಲ್ಲ."

ಕಂಪ್ಲೇಂಟು ಅದೇ ಸಂಜೆ ಹೋಯಿತು. ಹೆಸರು ಮಾತ್ರ ಬೇರೆ.

*

ಪಾಲಾಕ್ಷ ಮತ್ತು ಭೂಮಿಕಾ ಮರುದಿನ ಮಧ್ಯಾಹ್ನದವರೆಗೂ ಪೇಟಿಯ ಮುಂದಿನಿಂದ ಎದ್ದಿರಲಿಲ್ಲ. ಒಂದೊಂದೇ ರೀಡು ಕೂರಿಸಿ, ಒಂದೊಂದೇ ಸ್ವರ ನುಡಿಸಿ, ಬೇಕಾದಲ್ಲಿ ಕೆರೆದು, ಮತ್ತೆ ಕೂರಿಸಿದರು. ಓಬಳೇಶಪ್ಪ ತಾನೇ ಚಹಾ ಹೊತ್ತು ತಂದ. ಎಲ್ಲರೂ ಇದ್ದಾಗಲೇ ಹೇಳಿದ.

"ತಪ್ಪಾತವಾ ಭೂಮಿಕಾ. ನನ್ನ ನಾಲಗಿಗೆ ಜಿಡ್ಡು ಹತ್ತಿತ್ತು."

"ಅದನ್ನೂ ಪಾಲಾಕ್ಷಣ್ಣನ ಕಡಿಂದ ಕೆರಸ್ರಿ," ಎಂದಳು ಅವಳು. ಕಟ್ಟೆಯೆಲ್ಲ ನಕ್ಕಿತು.

ಹಡಗಲಿಯ ರಂಗದ ಮೇಲೆ ಪೇಟಿ ಇಳಿಸಿದಾಗ ಅಜ್ಜಯ್ಯ ಮಾಸ್ತರು ಧೂಪಾರತಿ ಹಿಡಿದು ಬಂದರು. ಭೂಮಿಕಾ ಅವರನ್ನು ನೋಡಿದಳು. ಅವರು ಅವಳನ್ನು ನೋಡಿದರು. ಮಾಸ್ತರು ಗಾಳಿ ಯಾವ ಕಡೆಗಿದೆ ಎಂದು ನೋಡಿ, ಹೊಗೆ ಪೇಟಿಯಿಂದ ಆಚೆ ಹೋಗುವಂತೆ ರಂಗದ ತುದಿಯಲ್ಲಿಟ್ಟರು.

"ದೂರದಿಂದ ಮೂಸಲಿ ಬಿಡು. ಕುಡದಿದ್ದು ಸಾಕು."

ಭೂಮಿಕಾ ಬಗ್ಗಿ ಅವರ ಪಾದ ಮುಟ್ಟಿದಳು. ಆಮೇಲೆ ಕುರ್ಚಿಯೇರಿ ಕಾಲು ಮೆಲ್ಲಗೆ ಇಟ್ಟಳು. ಗಾಳಿಯೇ ಹೋಗಿಲ್ಲವೇನೋ ಅನ್ನುವಷ್ಟು ಮೆಲ್ಲಗೆ. ಪೇಟಿ ಓ ಎಂದಿತು.

ಆ ದನಿಯನ್ನು ಮೈದಾನದ ಕೊನೆಯವರೆಗೂ ಮುಟ್ಟಿಸಿದ್ದು ಗುರುಬಸವರಾಜನ ಬಾಕ್ಸ್‌ಗಳೇ! ಬಾಡಿಗೆ ಮೊದಲೇ ಕೊಟ್ಟಾಗಿತ್ತು, ಬಿಡಲಾಗುತ್ತದೆಯೇ? ಹಲಗೆ ಕಳಚಿದ್ದರಿಂದ ಎಡಗಡೆಯದು ಸ್ವಲ್ಪ ಗೊಗ್ಗರಾಗಿತ್ತು, ಇರಲಿ. ರೇಣುಕಕ್ಕ ಎತ್ತಿದ ಸ್ವರಕ್ಕೆ ಪೇಟಿ ಹೆಗಲು ಕೊಟ್ಟಿತು. ಅವಳು ಇಳಿಸಿದರೆ ಪೇಟಿಯೂ ಇಳಿಯಿತು, ಅವಳು ಅತ್ತರೆ ಅದೂ ಅತ್ತಿತು. ನನ್ನ ಇನ್‌ಸ್ಪೆಕ್ಟರ್ ಪಾತ್ರಕ್ಕೂ ಚಪ್ಪಾಳೆ ಬಿತ್ತು, ಹೇಳದೇ ಇದ್ದರೆ ತಪ್ಪಾಗುತ್ತದೆ. ಹೊಳಲಿನವರು ನಮ್ಮ ನಾಟಕ ಮುಗಿಯುವ ಹೊತ್ತಿಗೆ ಮೀಸೆಯಿಂದ ಕೈ ತೆಗೆದಿದ್ದರು.

ಬಹುಮಾನದ ಹೊತ್ತು. ಮೊದಲ ಬಹುಮಾನ ತಂಬ್ರಹಳ್ಳಿಗೆ! ನಾವು ಕುಣಿದಾಡಿ ಮುಗಿಸುವ ಮೊದಲೇ ಮೈಕಿನವನು ಇನ್ನೊಂದು ಓದಿದ.

"ಉತ್ತಮ ಸಂಗೀತ, ತಂಬ್ರಹಳ್ಳಿ ತಂಡದ ಪೇಟಿ ಮಾಸ್ತರು. ಎಲ್ಲಿ ಅದಾರ ಮಾಸ್ತರು? ವೇದಿಕೆಗೆ ಬರಬೇಕು."

ಅವನ ಕಣ್ಣು ನಮ್ಮ ಗುಂಪಿನ ಗಂಡಸರ ಮೇಲೆಲ್ಲ ಹರಿದು, ಅಜ್ಜಯ್ಯ ಮಾಸ್ತರ ಬಿಳಿ ಕೂದಲ ಮೇಲೆ ನಿಂತಿತು. ಕೈ ಚಾಚಿ ಕರೆದ. "ಬರ್ರಿ ಮಾಸ್ತರ, ಬರ್ರಿ."

ಮಾಸ್ತರು ಮೊಣಕಾಲು ನೋವನ್ನು ಮರೆತು ಎದ್ದು ನಿಂತರು. ಭೂಮಿಕಾಳ ರಟ್ಟೆ ಹಿಡಿದು ಮುಂದೆ ನೂಕಿದರು. ಮೈಕು ಬೇಕಿಲ್ಲದ ದನಿಯಲ್ಲಿ ಕೂಗಿದರು.

"ನಾನಲ್ರೀ! ಮಾಸ್ತರು ಈಕಿ!"